ಎದೆನೋವಿಗೆ ಸ್ನಾನ ಬೇಡ

ನಮ್ಮ ಕಡೆ ಆಸ್ಪತ್ರೆಗೆ ಹೋಗುವುದೆಂದರೆ ನೆಂಟರ ಮನೆಗೆ ಹೋದ ಹಾಗೆ. ಕೊಟ್ಟಿಗೆಯ ವಾಸನೆ ಹೊತ್ತುಕೊಂಡು ಡಾಕ್ಟರ ಮುಂದೆ ಕೂರುವುದು ಮರ್ಯಾದೆಯಲ್ಲ. ಎಂಥ ನೋವಿದ್ದರೂ ಮೊದಲು ನೀರು ಕಾಯಿಸಿ, ಸ್ನಾನ ಮುಗಿಸಿ, ಒಗೆದ ಬಟ್ಟೆ ಉಟ್ಟು, ಆಮೇಲೆ ಗಾಡಿ ಹತ್ತುತ್ತಾರೆ. ಹೆಂಗಸರಾದರೆ ಅದಕ್ಕೂ ಮುಂಚೆ ಹಾಲು ಕರೆದು ಡೈರಿಗೆ ಹಾಕಿ, ಮನೆಮಂದಿಗೆಲ್ಲ ಮುದ್ದೆ ಕಟ್ಟಿಟ್ಟು ಹೊರಡಬೇಕು. ಮುಳಬಾಗಿಲಿನ ಸರ್ಕಾರಿ ಆಸ್ಪತ್ರೆಗೆ ನರ್ಸ್ ಆಗಿ ಬಂದ ಹೊಸದರಲ್ಲಿ ನನಗೆ ಇದು ಚೆಂದವಾಗಿಯೇ ಕಾಣುತ್ತಿತ್ತು. ಎದೆನೋವಿನವರು ಹೀಗೆ ಬರುವುದನ್ನು ನೋಡಿ ನೋಡಿ ಸಿಟ್ಟು ಬರತೊಡಗಿತು. ಸಿಟ್ಟು ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ.

ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿತೆಂದರೆ ಅದನ್ನು ಬಿಡಿಸುವವರೆಗೂ ಹೃದಯದ ಮಾಂಸ ಸಾಯುತ್ತಲೇ ಇರುತ್ತದೆ. ಹಿಂದೆಲ್ಲ ನಾವು ಎರಡು ಮಾತ್ರೆ ನುಂಗಿಸಿ, ಬೆಂಗಳೂರಿಗೆ ಹೋಗಿ ಎಂದು ಕೈತೊಳೆದುಕೊಳ್ಳುತ್ತಿದ್ದೆವು. ಈಗ ಹಾಗಲ್ಲ. ಇಸಿಜಿಯ ಫೋಟೋ ಫೋನಿನಲ್ಲೇ ನಗರದ ಹೃದಯದ ಡಾಕ್ಟರಿಗೆ ಹೋಗುತ್ತದೆ. ಅವರು ಹೌದೆಂದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನು ನಮ್ಮಲ್ಲೇ ಕೊಡುತ್ತೇವೆ, ಪ್ರಯಾಣ ಆಮೇಲೆ.

ಇದನ್ನು ಕಲಿಸಲು ಕೋಲಾರದಲ್ಲಿ ತರಬೇತಿ ಇಟ್ಟಿದ್ದರು. ರೋಗಿಗಳು ಯಾಕೆ ತಡವಾಗಿ ಬರುತ್ತಾರೆ ಎಂದು ನಮ್ಮನ್ನೇ ಕೇಳಿದರು. ಶ್ರೀನಿವಾಸಪುರದ ನರ್ಸ್ ಎದ್ದು, "ಮಾವಿನ ಸೀಸನ್ನಲ್ಲಿ ಮಂಡಿ ಹಮಾಲಿಗಳು ಲಾರಿ ಲೋಡು ಮುಗಿಸೇ ಬರೋದು ಸಾರ್" ಎಂದಳು. ಮಾಲೂರಿನವಳು, "ನಮ್ಮೋರು ಎದೆ ಹಿಡ್ಕೊಂಡೇ ಬೆಂಗಳೂರು ರೈಲು ಹತ್ತಿಬಿಡ್ತಾರೆ" ಎಂದಳು. ನನ್ನ ಸರದಿ ಬಂದಾಗ, "ನಮ್ಮೋರು ಸ್ನಾನ ಮಾಡ್ಕೊಂಡು ಬರ್ತಾರೆ" ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ, ನಮ್ಮಲ್ಲೂ ಹಾಗೇ ಎಂದು ಒಪ್ಪಿಕೊಂಡರು.

ವಾಪಸು ಬಂದವಳೇ ಜಗಳಕ್ಕೆ ನಿಂತೆ. ನಮ್ಮಲ್ಲಿ ಇಸಿಜಿ ಮೆಷಿನ್ನು ಒಳಗಿನ ಕೋಣೆಯಲ್ಲಿತ್ತು. ಎದೆನೋವಿನವರೂ ಕ್ಯೂ ನಿಂತು ಚೀಟಿ ಮಾಡಿಸಿಕೊಂಡೇ ಅಲ್ಲಿಗೆ ಹೋಗಬೇಕಿತ್ತು. ಮೆಷಿನ್ನು ಬಾಗಿಲ ಪಕ್ಕಕ್ಕೆ ಬರಲಿ, ಇಸಿಜಿ ಮೊದಲು, ಚೀಟಿ ಆಮೇಲೆ ಎಂದು ಹಟ ಹಿಡಿದೆ. "ಬಾಗಿಲಲ್ಲಿ ಇಡೋಕೆ ಅದೇನು ಚಪ್ಪಲಿ ಸ್ಟ್ಯಾಂಡಾ ಸಿಸ್ಟರ್?" ಎಂದು ನಮ್ಮ ಡಾಕ್ಟರು ಛೇಡಿಸಿದರು. ನಾನು ಬಿಡುವವಳಲ್ಲ ಎಂದು ಗೊತ್ತಾದ ಮೇಲೆ ಮೇಜಿನ ಒಂದು ತುದಿಯನ್ನು ಅವರೇ ಹಿಡಿದು ಹೊರಗೆ ತಂದರು. ಆ ಮೇಜಿನ ಮೇಲೆ ಮೊದಮೊದಲು ಮಲಗಿದವರಲ್ಲಿ ನನ್ನ ಅತ್ತೆಯೂ ಒಬ್ಬರಾಗುತ್ತಾರೆಂದು ಯಾರು ಕನಸು ಕಂಡಿದ್ದರು?

ಆವತ್ತು ನನ್ನದು ಬೆಳಗಿನ ಪಾಳಿ. ಆವನಿ ದಾರಿಯಲ್ಲಿರುವ ನಮ್ಮ ಊರಿನಿಂದ ಮಾವ ಮೊಪೆಡ್‌ನಲ್ಲಿ ಅತ್ತೆಯನ್ನು ಕೂರಿಸಿಕೊಂಡು ಬಂದರು. ಅತ್ತೆ ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು, ಕೆನ್ನೆಗೆ ಅರಿಶಿನ ಹಚ್ಚಿ, ಕನಕಾಂಬರ ಮುಡಿದಿದ್ದರು. ಯಾವುದೋ ಗೃಹಪ್ರವೇಶಕ್ಕೆ ಹೊರಟವರು ನನಗೆ ಊಟದ ಡಬ್ಬಿ ಕೊಟ್ಟು ಹೋಗಲು ಬಂದಿದ್ದಾರೆ ಅಂದುಕೊಂಡೆ. ಹತ್ತಿರ ಬಂದಾಗ ನೋಡಿದರೆ ಅರಿಶಿನದ ಮೇಲೆ ಬೆವರು ಇಳಿಯುತ್ತಿತ್ತು.

"ಏನಾಯ್ತು ಅತ್ತೆ?"

"ಏಮೀ ಲೇದಮ್ಮ, ಗ್ಯಾಸು. ಹಾಲು ಕರೆಯೋವಾಗ್ಲಿಂದ ಎದೆ ಮ್ಯಾಲೆ ರುಬ್ಬೋಗುಂಡು ಇಟ್ಟಂಗೈತೆ. ಸೋಡಾ ಕುಡಿದೆ, ಹೋಗಲಿಲ್ಲ." ಗಾಬರಿಯಾದಾಗ ಅತ್ತೆಯ ಬಾಯಿಗೆ ತೆಲುಗೇ ಮೊದಲು ಬರುವುದು.

"ಹಾಲು ಕರೆಯೋವಾಗ್ಲಿಂದಾನಾ? ಇಷ್ಟೊತ್ತು ಏನ್ ಮಾಡ್ತಿದ್ರಿ?" ಎಂದು ಕೂಗಿಯೇಬಿಟ್ಟೆ.

ಡೈರಿಗೆ ಹಾಲು ಹಾಕಿದ್ದರು. ಮುದ್ದೆ, ಹುರುಳಿ ಸಾರು ಮಾಡಿದ್ದರು. ತಲೆಗೇ ಸ್ನಾನ ಮಾಡಿದ್ದರು. ಮಾವನ ಪಂಚೆಯೂ ಬಿಳಿಯಾಗಿ ಮಿಂಚುತ್ತಿತ್ತು. ಅದನ್ನು ಕಂಡು ನನ್ನ ಸಿಟ್ಟು ಇನ್ನೂ ಏರಿತು. ಆದರೆ ಕೈ ಸಿಟ್ಟಿನ ಮಾತು ಕೇಳಲಿಲ್ಲ, ತನ್ನ ಪಾಡಿಗೆ ವೈರು ಜೋಡಿಸಿತು. ಕಾಗದ ಹೊರಗೆ ಬರುತ್ತಿದ್ದಂತೆಯೇ ನನಗೆ ತಿಳಿಯಿತು. ಡಾಕ್ಟರು ಫೋಟೋ ಕಳಿಸಿದರು, ಮಾತ್ರೆ ನುಂಗಿಸಿದೆವು, ಆ ಕಡೆಯಿಂದ ಉತ್ತರವೂ ಬೇಗ ಬಂತು. ದೊಡ್ಡ ಹಾರ್ಟ್ ಅಟ್ಯಾಕೇ, ಇಂಜೆಕ್ಷನ್ನು ಈಗಲೇ ಕೊಡಿ ಎಂದರು.

ಕೊಡುವ ಮುಂಚೆ ಮನೆಯವರಿಗೆ ಎಲ್ಲ ಹೇಳಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಬೇಕು. ಕೊಡದಿದ್ದರೆ ಜೀವಕ್ಕೇ ಅಪಾಯ, ಕೊಟ್ಟರೆ ಅಪರೂಪಕ್ಕೆ ಕೆಲವರಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಮೆದುಳು ಎಂಬ ಮಾತು ಕಿವಿಗೆ ಬಿದ್ದದ್ದೇ ಮಾವ ಪೆನ್ನು ಕೆಳಗಿಟ್ಟರು.

"ಅವಳ ತಮ್ಮನ್ನ ಒಂದು ಮಾತು ಕೇಳಬೇಕು. ನಾಳೆ ಏನಾದ್ರೂ ಆದ್ರೆ, ತವರಿನೋರು ಸತ್ತೋಗಿದ್ರಾ ಅಂತ ಅವರು ಕೇಳಲ್ವಾ?"

ಮಾವನದು ಕೆಟ್ಟ ಮನಸ್ಸಲ್ಲ. ಎಷ್ಟೇ ವಯಸ್ಸಾದರೂ ಹೆಣ್ಣಿನ ಮೈಗೆ ಕತ್ತಿ, ಸೂಜಿ ತಾಗಿಸುವ ಮುಂಚೆ ತವರಿನವರ ಒಪ್ಪಿಗೆ ಪಡೆಯುವುದು ನಮ್ಮ ಮನೆತನಗಳಲ್ಲಿ ನಡೆದುಬಂದ ಪದ್ಧತಿ. ಅತ್ತೆಯ ತಮ್ಮ ಇರುವುದು ಜಿಲ್ಲೆಯ ಆ ತುದಿಯಲ್ಲಿ, ಮಾಲೂರು ತಾಲ್ಲೂಕಿನ ಟೇಕಲ್‌ನಲ್ಲಿ. ಫೋನು ಹಚ್ಚಿದರೆ ಆತ ಅಲ್ಲಿಂದಲೇ ಗುಡುಗಿದ. "ಆ ಸಣ್ಣ ಆಸ್ಪತ್ರೇಲಿ ಏನೂ ಮುಟ್ಟಬೇಡಿ ಭಾವ! ಕಾರು ಮಾಡ್ಕೊಂಡು ಕೋಲಾರದ ತಾವ ನಿಂತಿರ್ತೀನಿ. ಅಕ್ಕನ್ನ ಸೀದಾ ಬೆಂಗಳೂರಿಗೆ ಕರ್ಕೊಂಡು ಹೋಗೋಣ."

ಬೆಂಗಳೂರು ಮುಟ್ಟುವಷ್ಟರಲ್ಲಿ ಹೃದಯದಲ್ಲಿ ಏನು ಉಳಿದಿರುತ್ತದೆ ಎಂಬುದು ನನಗೆ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ನಾನು ನರ್ಸೂ ಹೌದು, ಸೊಸೆಯೂ ಹೌದು. ಹಟ ಮಾಡಿ ಕೊಡಿಸಿ, ಆಗಬಾರದ್ದು ಆಗಿಬಿಟ್ಟರೆ, ಸೊಸೆಯೇ ಕೊಂದಳು ಎಂಬ ಮಾತು ನನ್ನ ಜನ್ಮ ಇರುವವರೆಗೂ ಅಂಟಿಕೊಳ್ಳುತ್ತಿತ್ತು. ಭಯವಾಯಿತು. ಭಯಪಟ್ಟುಕೊಂಡೇ ಮಾವನ ಜೊತೆ ಏರಿದ ದನಿಯಲ್ಲಿ ವಾದಿಸುತ್ತಿದ್ದೆ. ಡಾಕ್ಟರು ಫೋನಿನಲ್ಲಿ ಆ ತಮ್ಮನ ಜೊತೆ ವಾದಿಸುತ್ತಿದ್ದರು. ಯಾರ ಎದೆ ನೋಯುತ್ತಿತ್ತೋ ಅವರನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಅತ್ತೆ ಮಲಗಿದ್ದಲ್ಲಿಂದಲೇ ಕೈಚಾಚಿ ನನ್ನ ಸೆರಗು ಎಳೆದರು.

"ಪೆನ್ನು ಕೊಡಿಲ್ಲಿ."

ಮಾವ, "ಏಯ್, ಸುಮ್ನಿರು, ನಿನ್ನ ತಮ್ಮ ಬರ್ಲಿ" ಎಂದರು.

"ತವರು ದೂರ ಐತೆ. ಸೊಸೆ ಇಲ್ಲೇ ಅವಳೆ" ಎಂದವರೇ, ಡೈರಿಯಲ್ಲಿ ಹಾಕುವ ಹಾಗೆಯೇ ದಪ್ಪ ದಪ್ಪ ಅಕ್ಷರದಲ್ಲಿ ಸಹಿ ಹಾಕಿದರು. "ಚುಚ್ಚಮ್ಮ ನೀನು. ಏನಾದ್ರೂ ಆದ್ರೆ ನಾನೇ ಕೇಳಿದ್ದು ಅಂತ ಎಲ್ರಿಗೂ ಹೇಳು."

ಇಂಜೆಕ್ಷನ್ನು ಕೊಟ್ಟೆ. ಆಮೇಲೆ ಮಾನಿಟರಿನ ಮೇಲಿಟ್ಟ ಕಣ್ಣು ಕೀಳಲಿಲ್ಲ. ಮನೆದೇವರಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಕಣ್ಣುಬಿಟ್ಟು, "ಗುಂಡು ಇಳೀತಾ ಐತೆ ಕಣೇ" ಎಂದರು. ಎರಡನೇ ಇಸಿಜಿಯಲ್ಲಿ ಏರಿದ್ದ ಗೆರೆಗಳೂ ಇಳಿದಿದ್ದವು. ಡಾಕ್ಟರು ಆ ಕಾಗದವನ್ನು ನನ್ನ ಕೈಯಲ್ಲಿಟ್ಟರು. ನಾನು ಬಾಗಿಲ ಮರೆಗೆ ಹೋಗಿ ಗಳಗಳನೆ ಅತ್ತುಬಿಟ್ಟೆ.

ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿದ ಡಾಕ್ಟರು, ಮುಳಬಾಗಿಲಿನಲ್ಲೇ ಇಂಜೆಕ್ಷನ್ನು ಕೊಟ್ಟಿದ್ದರಿಂದ ಹೃದಯ ಉಳಿಯಿತು ಎಂದರಂತೆ. ಫೋನಿನಲ್ಲಿ ಗುಡುಗಿದ್ದ ಅತ್ತೆಯ ತಮ್ಮ ವಾರ್ಡಿಗೆ ಬಂದ ನೆಂಟರಿಗೆಲ್ಲ, "ಕೊಟ್ಟಿದ್ದು ನಮ್ಮ ಹುಡುಗೀನೇ ಕಣ್ರೀ" ಎಂದು ಹೇಳಿಕೊಂಡು ಓಡಾಡುತ್ತಿದ್ದ. ನನಗೂ ಹೆಮ್ಮೆಯಾಯಿತು, ಯಾಕೆ ಸುಳ್ಳು ಹೇಳಲಿ. ಆದರೆ ಅದಕ್ಕಿಂತ ದೊಡ್ಡ ಹೆಮ್ಮೆ ಆಮೇಲೆ ಬಂತು.

ಅತ್ತೆ ಚೇತರಿಸಿಕೊಂಡು ಮತ್ತೆ ಡೈರಿಗೆ ಹೋಗತೊಡಗಿದ್ದರು. ಈಗ ಕ್ಯಾನು ಹೊರುವುದು ಮಾವ, ಅತ್ತೆಯದು ಬರೀ ಬಾಯಿ. ಒಂದು ಬೆಳಿಗ್ಗೆ ನಮ್ಮೂರಿನ ಹೆಂಗಸೊಬ್ಬಳು ಆಟೋದಿಂದ ಇಳಿದು ಎದೆ ಒತ್ತಿಕೊಂಡು ಬಾಗಿಲಿಗೆ ಬಂದಳು. ತಲೆ ಕೆದರಿತ್ತು, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಳು, ಎರಡೂ ಕೈ ಸಗಣಿಯಾಗಿತ್ತು. ಕ್ಯೂನಲ್ಲಿದ್ದವರು ಮೂಗು ಮುಚ್ಚಿಕೊಂಡು ದಾರಿ ಬಿಟ್ಟರು. ಅವಳು ನಾಚಿಕೆಯಿಂದ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ನಿಮ್ಮತ್ತೆ ಬಿಡ್ಲಿಲ್ಲ ಕಣಮ್ಮ. ಡೈರಿಗೆ ಹೋಗ್ತಾ ನಮ್ಮ ಕೊಟ್ಟಿಗೆ ತಾವ ಬಂದ್ರು. ಎದೆ ಹಿಂಡ್ತೈತೆ ಅಂದಿದ್ದೇ ತಡ, ಕೈ ತೊಳೆಯೋಕೂ ಬಿಡದೆ ಆಟೋಗೆ ಹತ್ತಿಸಿಬಿಟ್ರು."

ಅವಳನ್ನು ಬಾಗಿಲ ಪಕ್ಕದ ಮೇಜಿನ ಮೇಲೆ ಮಲಗಿಸಿದೆ. ಇಸಿಜಿಯ ಕ್ಲಿಪ್ಪು ಹಾಕಲು ಹತ್ತಿ ತೆಗೆದುಕೊಂಡು ಅವಳ ಮಣಿಕಟ್ಟು ಒರೆಸಿದೆ. ಸಗಣಿ ಇನ್ನೂ ಒಣಗಿರಲಿಲ್ಲ.