ಆ ಮನೆಗೆ ಮೀನಿಲ್ಲ

ಅಂಕೋಲೆಗೆ ಬಂದ ಎರಡನೆಯ ದಿನ. ಟೆಂಪೋದಲ್ಲಿ ಪಕ್ಕಕ್ಕೆ ಕೂತ ಹೆಂಗಸು ತನ್ನ ಖಾಲಿ ಮೀನುಬುಟ್ಟಿಯನ್ನು ನನ್ನ ಕಾಲಿಗೊತ್ತಿ ಇಟ್ಟು ವಿಚಾರಣೆ ಶುರು ಮಾಡಿದಳು.

"ಯಾವೂರಾಯ್ತು ತಂಗಿ? ಅಪ್ಪ ಏನ್ ಮಾಡ್ತ್ರು? ಮದ್ವೆ ಆಯ್ತಾ? ಒಬ್ಳೇ ಇರ್ತ್ಯಾ? ಯಾರ ಮನೆ ಬಾಡ್ಗೆಗೆ?"

ಗದಗಿನ ನಮ್ಮ ಕಡೆ ಟೆಂಪೋ ಎಂದರೆ ಸಾಮಾನು ಹೇರುವ ಗಾಡಿ. ಇಲ್ಲಿ ಮನುಷ್ಯರನ್ನು ಹೇರಿಕೊಂಡು ಅಂಕೋಲೆಯಿಂದ ಕಾರವಾರಕ್ಕೆ ಓಡುತ್ತದೆ. ನಮ್ಮಲ್ಲೂ ಬಸ್ಸಿನಲ್ಲಿ ಊರು ಕೇಳುತ್ತಾರೆ, ಆದರೆ ಅಷ್ಟಕ್ಕೆ ಬಿಡುತ್ತಾರೆ. ಇವಳು ಬಿಡಲಿಲ್ಲ. ನನ್ನ ಉತ್ತರಗಳನ್ನು ಇಡೀ ಟೆಂಪೋ ಕೇಳಿಸಿಕೊಂಡಿತು. ಗದಗಿನವಳು, ಕಾರವಾರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಮೀನು ತಿನ್ನದವಳು. ಮೀನಿನ ಮಾತು ಬಂದಾಗ ಎಲ್ಲರೂ ಸಾವಿನ ಸುದ್ದಿ ಕೇಳಿದವರ ಹಾಗೆ "ಅಯ್ಯೋ ಪಾಪ" ಎಂದರು.

ಅವಳ ಹೆಸರು ಮಾದೇವಿ, ಊರು ಹಾರವಾಡ. ಬೆಳಿಗ್ಗೆ ಅಂಕೋಲೆಯ ಕೇರಿಗಳಲ್ಲಿ ಮೀನು ಮಾರಿ, ಹನ್ನೊಂದರ ಟೆಂಪೋದಲ್ಲಿ ಮನೆಗೆ ಹೊರಡುವವಳು. ನನ್ನ ಪಾಳಿ ಮಧ್ಯಾಹ್ನದ್ದು, ಹಾಗಾಗಿ ದಿನವೂ ಅವಳೇ ಜೊತೆ. ದಿನವೂ ಪ್ರಶ್ನೆ. ತಿಂಗಳಾಗುವಷ್ಟರಲ್ಲಿ ಸಾಕೋ ಸಾಕಾಯಿತು.

ಆಗ ಸಿಕ್ಕಿದ್ದು ಮೊಬೈಲಿನ ಆ್ಯಪು. ಕಾರಿನಲ್ಲಿ ಸೀಟು ಖಾಲಿ ಇರುವವರು ಅದೇ ದಾರಿಯವರನ್ನು ಕೂರಿಸಿಕೊಂಡು ಹೋಗುವ ವ್ಯವಸ್ಥೆ. ಕಾರವಾರದಲ್ಲಿ ಅಂಗಡಿ ಇಟ್ಟಿದ್ದ ಒಬ್ಬ ದಿನಾ ಹನ್ನೊಂದಕ್ಕೆ ಅಂಕೋಲೆಯಿಂದ ಹೊರಡುತ್ತಿದ್ದ. ನಲವತ್ತು ದಾಟಿದವನು, ಎಣ್ಣೆ ಹಾಕಿ ಬಾಚಿದ ತಲೆ, ಆ್ಯಪಿನಲ್ಲಿ ಹೆಸರಿನ ಕೆಳಗೆ ಸಾಲಾಗಿ ಮೆಚ್ಚುಗೆಯ ನಕ್ಷತ್ರ. ಏನೂ ಕೇಳುತ್ತಿರಲಿಲ್ಲ. ಆಹಾ, ಎಂಥ ಸಭ್ಯ ಎಂದುಕೊಂಡೆ. ಮೊದಲ ವಾರ ಕಾರಿನ ನಂಬರಿನ ಫೋಟೋ ತೆಗೆದು ಗೆಳತಿಗೆ ಕಳಿಸಿದೆ, ನಾನಿರುವ ಜಾಗ ಅವಳಿಗೆ ಫೋನಿನಲ್ಲಿ ಕಾಣುವ ಹಾಗೆ ಇಟ್ಟೆ. ಆಮೇಲೆ ಪರಿಚಯದವನೇ ಅಲ್ಲವೇ ಎಂದು ಎರಡನ್ನೂ ಬಿಟ್ಟೆ. ನನ್ನ ಬುದ್ಧಿಗಿಷ್ಟು!

ಅವತ್ತು ಹೊರಡುವಾಗಲೇ ಹನ್ನೆರಡಾಗಿತ್ತು. ಹಾರವಾಡದ ಹತ್ತಿರ ಅವನು ಹೆದ್ದಾರಿ ಬಿಟ್ಟು ಕಡಲಿನ ಕಡೆ ಕಾರು ತಿರುಗಿಸಿದ. "ಎಲ್ಲಿಗ್ರಿ?" ಎಂದೆ. "ಘಟ್ಟದ ಮೇಲಿನವ್ರು ನೀವು, ಸಮುದ್ರ ನೋಡ್ಬೇಡ್ವಾ?" ಎಂದು ನನ್ನ ತೊಡೆಯ ಮೇಲೆ ಕೈ ಇಟ್ಟ. ಆ ಕೈ ಕಿತ್ತೆಸೆದು ಬಾಗಿಲು ಎಳೆದೆ. ತೆರೆಯಲಿಲ್ಲ. ಅವನು ನಗುತ್ತಿದ್ದ. ಆ ನಗು ನೆನೆದರೆ ಇವತ್ತಿಗೂ ನನ್ನ ರಕ್ತ ಕುದಿಯುತ್ತದೆ.

ಮರಳಿನ ಅಂಚಿನಲ್ಲಿ ಹೆಂಗಸರು ಮೀನು ಒಣಹಾಕುತ್ತಿದ್ದರು. ಸ್ಟೀಲಿನ ಬುತ್ತಿ ಡಬ್ಬಿಯಿಂದ ಗಾಜಿಗೆ ಬಡಿದೆ. ಬಡಿಯುತ್ತಲೇ ಇದ್ದೆ.

"ಏ, ಗದಗದ ತಂಗಿ ಅಲ್ವೇ ಅದು? ಒಬ್ಳೇ ಇರೂದು! ಬರ್ರೇ ಎಲ್ರೂ!"

ಮಾದೇವಿಯ ದನಿ. ಏಳೆಂಟು ಹೆಂಗಸರು ಕಾರಿಗೆ ಅಡ್ಡ ನಿಂತರು. ಅವನು ಬಾಗಿಲಿನ ಲಾಕು ತೆಗೆದ, ನಾನು ಹೊರಗೆ ಹಾರಿದೆ. "ಸುಮ್ನೆ ಸಮುದ್ರ ತೋರ್ಸೂಕೆ ತಂದದ್ದು" ಎಂದು ಅವನು ಕಾರು ಹಿಂದಕ್ಕೆ ತೆಗೆದು ಓಡಿದ. ನಾನು ಮರಳಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಯಾವ ಪ್ರಶ್ನೆಗಳಿಂದ ತಪ್ಪಿಸಿಕೊಂಡು ಹೋಗಿದ್ದೆನೋ ಅವೇ ನನ್ನನ್ನು ಉಳಿಸಿದವು. ಒಂಟಿ ಹೆಣ್ಣು, ಇಲ್ಲಿ ಯಾರೂ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಪೊಲೀಸರಿಗೆ ದೂರು ಕೊಟ್ಟೆ. ಪ್ರಕರಣ ನಡೆಯುತ್ತಿದೆ, ಅದಕ್ಕೇ ಅವನ ಹೆಸರು ಬರೆಯುತ್ತಿಲ್ಲ. ಆ್ಯಪಿನವರಿಗೂ ಬರೆದೆ. 'ನಿಮ್ಮ ಅನಿಸಿಕೆಗೆ ಧನ್ಯವಾದ' ಎಂದು ಉತ್ತರ ಬಂತು. ಅವನ ನಕ್ಷತ್ರಗಳು ಹಾಗೇ ಇದ್ದವು. ಮರುವಾರ ಅದೇ ಕಾರಿನಲ್ಲಿ ಇನ್ನೊಬ್ಬ ಹುಡುಗಿ ಕೂತು ಹೋಗುವುದನ್ನು ಕಂಡೆ. ಅವತ್ತೇ ಹಟ ಹಿಡಿದೆ. ಅವನು ಮಾಡಿದ್ದನ್ನು ಅವನ ಬಾಯಿಂದಲೇ, ಅವನ ಮನೆಯವರ ಎದುರಿಗೇ ಹೇಳಿಸಬೇಕು. ಅಲ್ಲಿಯವರೆಗೆ ನನಗೆ ಬೇರೆ ಯಾವ ಸಮಾಧಾನವೂ ಬೇಡ.

ಮಾದೇವಿಗೆ ಹೇಳಿದೆ. "ಅವ್ನ ಮನೆ ನಂಗೊತ್ತು. ನಾನೇ ಮೀನು ಕೊಡೂ ಮನೆ. ಇನ್ ಕೊಡೂದಿಲ್ಲ, ಬಿಡು" ಎಂದಳು.

ಇಷ್ಟೇನಾ ಎನಿಸಿತು ನನಗೆ. ಜೋಳದ ರೊಟ್ಟಿ ತಿನ್ನುವವಳಿಗೆ ಅದರ ಪೆಟ್ಟು ಏನು ಗೊತ್ತು? ಮಧ್ಯಾಹ್ನದ ಗಂಗಾಳದಲ್ಲಿ ಮೀನಿಲ್ಲದಿದ್ದರೆ ಇಲ್ಲಿ ಅದು ಊಟವೇ ಅಲ್ಲ. ಮಾದೇವಿ ಬಿಟ್ಟ ಮನೆಗೆ ಉಳಿದ ಬುಟ್ಟಿಯವರೂ ಹೋಗಲಿಲ್ಲ. ಅವನು ಮಾರ್ಕೆಟ್ಟಿಗೆ ಹೋದ. ಅಲ್ಲಿ ಕೂತವರೂ ಇವಳ ಅಕ್ಕತಂಗಿಯರೇ. ಅವನನ್ನು ಕಂಡ ಕೂಡಲೇ ಬಂಗಡೆಯ ಮೇಲೆ ಗೋಣಿ ಎಳೆದರು. "ಹೆಣ್ಮಕ್ಳಿಗೆ ಸಮುದ್ರ ತೋರ್ಸೂಕೆ ಒಯ್ತ್ಯಲ್ಲ, ನೀನೇ ಹೋಗಿ ಹಿಡ್ಕಾ" ಎಂದು ಒಬ್ಬಳು ಎಲ್ಲರಿಗೂ ಕೇಳುವ ಹಾಗೆ ಕೂಗಿದಳಂತೆ. ಅದನ್ನು ಕೇಳಿ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇನ್ನೊಮ್ಮೆ ಹೇಳಿಸಿಕೊಂಡು ಮತ್ತೆ ನಕ್ಕೆ. ಆ ಕಾರಿನಲ್ಲಿ ಈಗ ಯಾವ ಹುಡುಗಿಯೂ ಕೂರುತ್ತಿಲ್ಲ. ಮಾತು ಬುಟ್ಟಿಯ ಜೊತೆಗೇ ಮನೆ ಮನೆಗೆ ಹೋಗಿದೆ.

ಆದರೆ ಅವನು ಬಾಯಿ ಬಿಡಲಿಲ್ಲ. ಬಂದದ್ದು ಅವನ ತಾಯಿ. ಮೊನ್ನೆ ಬೆಳಿಗ್ಗೆ ಮಾದೇವಿ ನನ್ನ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಿದ್ದಾಗ ಆ ಮುದುಕಿ ಪಾತ್ರೆ ಹಿಡಿದುಕೊಂಡು ಬಂದಳು.

"ಇಪ್ಪತ್ತು ದಿವ್ಸ ಆಯ್ತು ಮಾದೇವಿ. ನನ್ ಮಗ ಏನೂ ಮಾಡ್ಲಿಲ್ಲ ಅಂತಾನೆ. ನಂಗೊಬ್ಳಿಗಾದ್ರೂ ನಾಕು ಶೆಟ್ಲಿ ಕೊಡೇ."

ಸಿಗಡಿಗೆ ಇಲ್ಲಿ ಶೆಟ್ಲಿ ಎನ್ನುತ್ತಾರೆ. ಮಾದೇವಿಯ ಕೈ ಬುಟ್ಟಿಗೆ ಹೋಗಿ ನಿಂತಿತು. ನನ್ನತ್ತ ತಿರುಗಿದಳು. "ನೀ ಹೇಳು ತಂಗಿ. ಕೊಡ್ಲಾ?"

ಮುದುಕಿ ಪಾತ್ರೆಯನ್ನು ಮುಂದೆ ಚಾಚಿದಳು. ಅವಳು ಏನೂ ತಪ್ಪು ಮಾಡಿದವಳಲ್ಲ, ಅದು ನನಗೆ ಚೆನ್ನಾಗಿ ಗೊತ್ತು.

"ಬ್ಯಾಡ," ಎಂದೆ. "ಏನ್ ಮಾಡೇನಿ ಅಂತ ಅವ್ನೇ ನಿಮಗ ಹೇಳ್ಲಿ. ಆಮ್ಯಾಲ ಕೊಡ್ಲಿ."

ಮುದುಕಿ ಪಾತ್ರೆಯನ್ನು ಹಿಂದಕ್ಕೆ ಎಳೆದುಕೊಂಡಳು. "ಇವತ್ತು ಇದ್ದು ನಾಳೆ ಹೋಗೂಳು ನೀನು. ನಿನ್ ಮಾತಿಗೆ ನಮ್ಮೂರಲ್ಲೇ ನಮ್ಗೆ ಮೀನಿಲ್ವಲ್ಲೇ" ಎಂದು ಖಾಲಿ ಪಾತ್ರೆ ಹಿಡಿದುಕೊಂಡು ಹೋದಳು. ಮಾದೇವಿ ಬುಟ್ಟಿ ಎತ್ತಿಕೊಂಡಳು.

ಸಂಜೆ ಅವ್ವನ ಫೋನು ಬಂತು. ಸುದ್ದಿ ಹೇಗೋ ಗದಗಕ್ಕೂ ಮುಟ್ಟಿತ್ತು. "ಬಂದ್ಬಿಡವಾ. ಯಾರಿಗೂ ಏನೂ ಹೇಳೂದು ಬ್ಯಾಡ, ಇಲ್ಲೇ ಸುಮ್ಮಗ ಇದ್ದಬಿಡು."

ಮುದುಕಿ ಹೇಳಿದ್ದು ಸುಳ್ಳಲ್ಲ, ನಾನು ಇಲ್ಲಿಯವಳಲ್ಲ. ಇಲ್ಲಿ ನನಗೆ ಹೊಲವಿಲ್ಲ, ಮನೆಯಿಲ್ಲ, ರಕ್ತಸಂಬಂಧದವರು ಯಾರೂ ಇಲ್ಲ. ಅಲ್ಲಿ ಎಲ್ಲವೂ ಇದೆ, ಆದರೆ ಬಾಯಿ ಮುಚ್ಚಿಕೊಂಡೇ ಇರಬೇಕು.

"ಅವಾ ಬಾಯಿ ಬಿಡೂತನಾ ನಾ ಬರಂಗಿಲ್ಲವಾ" ಎಂದು ಫೋನಿಟ್ಟೆ.