ಒಳಗೆ ಮಡಿಸಿಟ್ಟ ಬಟ್ಟೆ

ದಿನೇ ದಿನೇ ತೆಳ್ಳಗಾಗುತ್ತಿರುವ ದರ್ಜಿ ಮಾಸ್ತರರಿಗೆ ಯಾವುದೋ ದೊಡ್ಡ ಕಾಯಿಲೆ ಅಂಟಿದೆಯೆಂದು ಬೀದಿಯೆಲ್ಲ ಗುಸುಗುಸು. ಅಂಥದ್ದೇನೂ ಇಲ್ಲ, ಅವರು ತಮ್ಮನ್ನೇ ಸ್ವಲ್ಪಸ್ವಲ್ಪವಾಗಿ ಆಲ್ಟರ್ ಮಾಡಿಕೊಳ್ಳುತ್ತಿದ್ದಾರೆ, ಅಷ್ಟೆ. ಚಹಾದ ಸಕ್ಕರೆಯನ್ನು ತಿಂಗಳಿಗೆ ಕಾಲು ಚಮಚದಂತೆ ಇಳಿಸಿದರು, ಹೊಲಿದ ಬಟ್ಟೆಗಳನ್ನು ಗಿರಾಕಿಗಳ ಮನೆಗೆ ನಡೆದೇ ಮುಟ್ಟಿಸತೊಡಗಿದರು, ಊಟಕ್ಕೆ ಕೂತಾಗ ಎರಡನೆಯ ಸಲ ಬಂದ ಹೆಂಡತಿಯ ಸೌಟಿಗೆ ಅಂಗೈ ಅಡ್ಡ ಹಿಡಿದು "ಅಳತೆ ಮುಗೀತು ಕಣೇ" ಎನ್ನುವುದನ್ನು ರೂಢಿಸಿಕೊಂಡರು. ಸೊಂಟ ಅರ್ಧ ಇಂಚು ಕರಗಿದಾಗಲೆಲ್ಲ ತಮ್ಮ ಪ್ಯಾಂಟನ್ನು ತಾವೇ ಬಿಗಿ ಮಾಡುತ್ತಾರೆ. ಮಿಕ್ಕ ಬಟ್ಟೆಯನ್ನು ಮಾತ್ರ ಕತ್ತರಿಸದೆ ಒಳಗೇ ಮಡಿಸಿಡುತ್ತಾರೆ. "ಊರಿಗೆಲ್ಲ ಕತ್ತರಿ ಆಡಿಸೋರಿಗೆ ತಮ್ಮ ಮೇಲೇ ನಂಬಿಕೆ ಇಲ್ವಾ? ಕತ್ತರಿಸಿ ಬಿಸಾಕ್ರೀ!" ಎಂದು ಹೆಂಡತಿ ಛೇಡಿಸಿದರೆ, "ಐವತ್ತಮೂರು ತುಂಬಲಿ, ನೋಡೋಣ" ಎನ್ನುತ್ತಾರೆ. ಮೊದಲು ಅವರಿದ್ದಷ್ಟೇ ದಪ್ಪವಿದ್ದ ಅಪ್ಪ ಐವತ್ತೆರಡಕ್ಕೆ ಇದೇ ಹೊಲಿಗೆಯಂತ್ರದ ಮೇಲೆ ತಲೆಯಿಟ್ಟವರು ಮತ್ತೆ ಎತ್ತಲಿಲ್ಲ. ಮಾಸ್ತರರಿಗೆ ಈಗ ಐವತ್ತೊಂದು. ಸೊಂಟ ಮೂವತ್ತೆಂಟು, ಒಳಗೆ ನಾಲ್ಕು ಇಂಚು ಬಟ್ಟೆ ಹಾಗೇ ಇದೆ.