ಹಲ್ಲಿನಲ್ಲಿ ಕೇಳುವ ಕಡ್ಡಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾರೇಜಿನ ತಗಡಿನ ಮಾಡಿನಡಿ ಹಳೆಯ ಲಾರಿಯೊಂದು ಬಾನೆಟ್ ತೆರೆದುಕೊಂಡು ನಿಂತಿದೆ. ಅದರ ಕಿಲೋಮೀಟರ್ ಮೀಟರು ಒಂದು ಸುತ್ತು ಮುಗಿಸಿ, ಮತ್ತೆ ಸೊನ್ನೆಯಿಂದ ಹೊರಟು ಎಷ್ಟೋ ಕಾಲವಾಗಿದೆ. ಮೆಕ್ಯಾನಿಕ್ ಕಡ್ಡಿಯಕ್ಕ ಎಂಜಿನ್ನಿನ ಮೇಲೆ ಅಂಗೈ ಇಡುತ್ತಾರೆ. ಕಬ್ಬಿಣ ತಣ್ಣಗೆ ಕೊರೆಯುತ್ತಿದೆ.

"ಲಾರಿ ಚೆನ್ನಾಗಿ ನಿದ್ದೆ ಮಾಡಿದೆ. ಯಾರೂ ಸ್ಟಾರ್ಟ್ ಮಾಡಿಲ್ಲ ತಾನೇ?"

"ಕೀಲಿ ನಿಮ್ಮ ಕೊರಳಲ್ಲೇ ಇದೆಯಲ್ಲಕ್ಕಾ!" ಡ್ರೈವರ್ ಜೋರಾಗಿ ಕೂಗುತ್ತಾನೆ. ಅಕ್ಕನಿಗೆ ಕಿವಿ ಮಂದ.

"ನಿನ್ನ ಕೈಯಲ್ಲಿದ್ರೆ ನನಗೆ ಧೈರ್ಯ ಇಲ್ಲಪ್ಪ."

ಕಾರಣವಿದೆ. ತಣ್ಣಗಿರುವ ಎಂಜಿನ್ ಎದ್ದೊಡನೆ ಕಟಕಟ ಎನ್ನುತ್ತದೆ, ಅದೇ ಈ ಲಾರಿಯ ರೋಗ; ಆ ಸದ್ದು ನಾಲ್ಕು ಉಸಿರಿನಲ್ಲಿ ಮಾಯ. ಮತ್ತೆ ಕೇಳಬೇಕೆಂದರೆ ಮರುದಿನದ ಬೆಳಗಿಗೇ ಕಾಯಬೇಕು. ಮೊದಲ ದಿನ ಡ್ರೈವರ್ ಮಹಾಶಯ ಲಾರಿಯನ್ನು ಮನೆಯಲ್ಲೇ ಬಿಸಿ ಮಾಡಿ ತಂದಿದ್ದ. "ಜ್ವರ ಇಳಿಸ್ಕೊಂಡು ಡಾಕ್ಟರ ಹತ್ರ ಬಂದ ಹಾಗಾಯ್ತು," ಎಂದು ಅಕ್ಕ ಬೈದು ಕೀಲಿ ಕಸಿದುಕೊಂಡಿದ್ದರು.

ಲಾರಿಯ ಯಜಮಾನ ಡ್ರೈವರನ ಭಾವ; ಅವರೂ ಬಂದು ಪಕ್ಕದಲ್ಲೇ ನಿಂತಿದ್ದಾರೆ. ಎಂಜಿನ್ನಿನ ತಳದ ಬೇರಿಂಗೇ ಹೋಗಿದೆ ಎಂದು ಯಾರೋ ಅವರ ತಲೆಗೆ ತುಂಬಿದ್ದಾರೆ. ಅವರು ಗುಜರಿಯವನ ಜೊತೆ ಮಾತಾಡಿಯೂ ಆಗಿದೆ. ಇವತ್ತು ಅವನ ಫೋನು ಬರಬೇಕು. ಲಾರಿ ತೂಕಕ್ಕೆ ಹೋದರೆ ಡ್ರೈವರನ ಕೆಲಸವೂ ಅದರ ಜೊತೆಗೇ ಹೋದಂತೆ.

ಕಡ್ಡಿಯಕ್ಕನಿಗೆ ಚಿಕ್ಕಂದಿನಲ್ಲಿ ಕಿವಿ ಸೋರಿ ಸೋರಿ ಎರಡೂ ಮಂದವಾದವು. ಮೆಕ್ಯಾನಿಕ್ ಆಗಿದ್ದ ಅಪ್ಪ ಒಂದು ದಿನ ಉದ್ದನೆಯ ಉಕ್ಕಿನ ಕಡ್ಡಿಯನ್ನು ಓಡುವ ಎಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಮಗಳ ಹಲ್ಲಿಗೆ ಕೊಟ್ಟರು. "ತಲೆಬುರುಡೆ ಒಳಗೇ ಎಂಜಿನ್ ಓಡ್ತು! ಕುಣಿದುಬಿಟ್ಟೆ!" ಎನ್ನುತ್ತಾರೆ ಅಕ್ಕ. ಅಪ್ಪನ ನಂತರ ಗ್ಯಾರೇಜು ಹಿಡಿದಾಗ ಗಿರಾಕಿಗಳು, ಕಿವಿ ಕೇಳದವಳು ಸದ್ದು ಹುಡುಕುತ್ತಾಳಂತೆ ಎಂದು ನಕ್ಕು ಗೇಟಿನಿಂದಲೇ ವಾಪಸಾಗುತ್ತಿದ್ದರು. "ಅವರು ನಗೋದೂ ನನಗೆ ಕೇಳಿಸ್ತಿರಲಿಲ್ಲ. ಅದೊಂದು ಲಾಭ."

ನಿನ್ನೆ ಬೆಳಿಗ್ಗೆ ಕಡ್ಡಿ ಕಚ್ಚಿ ಕೇಳಿದಾಗ ಎಂಜಿನ್ನಿನ ತಳ ಶುದ್ಧವಾಗಿತ್ತು. ಕಟಕಟವೆಲ್ಲ ಮೇಲ್ಭಾಗದಲ್ಲಿ. ರಾತ್ರಿಯಿಡೀ ಎಣ್ಣೆ ಕೆಳಗೆ ಜಾರದಂತೆ ತಡೆಯಬೇಕಾದ ರಬ್ಬರು ಫಿಲ್ಟರಿನೊಳಗೆ ಸೆಟೆದುಕೊಂಡಿತ್ತು. ಬೆಳಿಗ್ಗೆ ಎಣ್ಣೆ ಮೇಲೇರುವವರೆಗೆ ಲೋಹಕ್ಕೆ ಲೋಹ ಬಡಿಯುತ್ತಿತ್ತು. ಅಕ್ಕ ಹೊಸ ಫಿಲ್ಟರ್ ಹಾಕಿದ್ದಾರೆ. ಅವರ ಮಾತು ನಿಜವೋ ಸುಳ್ಳೋ ಈಗ ಗೊತ್ತಾಗಬೇಕು.

ಡ್ರೈವರನಿಗೆ ಕೀಲಿ ಕೊಟ್ಟ ಅಕ್ಕ, ಕಡ್ಡಿಯ ತುದಿ ಒರೆಸಿ ಭಾವನ ಮುಂದೆ ಹಿಡಿಯುತ್ತಾರೆ.

"ತಗೊಳ್ಳಿ, ಕಚ್ಚಿ."

"ನಾನಾ?"

"ನಾನು ಹೇಳಿದ್ರೆ ನಾಳೆ ಮತ್ತೆ ಅನುಮಾನ ಬರುತ್ತೆ. ನೀವೇ ಕೇಳಿ. ಒಂದೇ ಸಲ ಸಿಗೋದು."

ಭಾವ ಮುಖ ಕಿವುಚಿಕೊಂಡು ಕಚ್ಚುತ್ತಾರೆ. ಅಕ್ಕ ಇನ್ನೊಂದು ತುದಿಯನ್ನು ಎಂಜಿನ್ನಿಗೆ ಒತ್ತುತ್ತಾರೆ, ಡ್ರೈವರ್ ಲಾರಿ ಹತ್ತಿ ಕೀಲಿ ತಿರುಗಿಸುತ್ತಾನೆ. ಎಂಜಿನ್ ಕೆಮ್ಮುತ್ತದೆ, ನಡುಗುತ್ತದೆ, ಹಿಡಿದುಕೊಳ್ಳುತ್ತದೆ! ಅಕ್ಕ ಕಣ್ಣು ಮಿಟುಕಿಸದೆ ಅವರ ಮುಖವನ್ನೇ ನೋಡುತ್ತಾರೆ. ಭಾವನ ಹುಬ್ಬು ಮೇಲೇರುತ್ತದೆ, ಕಣ್ಣುಗಳು ಅರಳುತ್ತವೆ. ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತದೆ. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾನೆ.

ಭಾವ ಫೋನು ತೆಗೆದು ನೋಡುತ್ತಾರೆ. ಗುಜರಿಯವನೇ. ಕಡ್ಡಿಯನ್ನು ಹಲ್ಲಿನಿಂದ ಬಿಡದೆ, ಹೆಬ್ಬೆರಳಿನಿಂದ ಕರೆ ಕತ್ತರಿಸುತ್ತಾರೆ.

"ಕಟಕಟ ಅಂದಿತಾ?" ಅಕ್ಕ ಕೇಳುತ್ತಾರೆ.

ಭಾವ ಕಡ್ಡಿ ಸಮೇತ ಅಡ್ಡಡ್ಡ ತಲೆಯಾಡಿಸುತ್ತಾರೆ. ಡ್ರೈವರ್ ಸ್ಟೀರಿಂಗಿಗೆ ಹಣೆ ಹಚ್ಚಿ ನಗುತ್ತಾನೆ. ಭಾವನೋ, ಕಡ್ಡಿಯನ್ನು ಇನ್ನೂ ಕಚ್ಚಿಕೊಂಡೇ ನಿಂತಿದ್ದಾರೆ.

"ಸಾಕು, ಈಚೆ ಕೊಡಿ ಸ್ವಾಮಿ," ಅಕ್ಕ ಕೈ ಚಾಚುತ್ತಾರೆ. "ಆ ಕಡೆ ಇನ್ನೊಂದು ಲಾರಿ ತಣ್ಣಗೆ ಕಾಯ್ತಿದೆ. ಬಿಸಿಲು ಏರೋಕೆ ಮುಂಚೆ ಅದರ ಮಾತೂ ಕೇಳಬೇಕು."